ದಿಕ್ಕಿಲ್ಲದವರನ್ನು ಪರಾಮರಿಸುವುದೆಂದರೇನು? ಆಫ್ರಿಕದ ಅನಾಥಾಲಯಗಳಿಗೆ ಹೊರಡುವ ಸಭಾತಂಡಗಳನ್ನು ಕುರಿತು

ಬೇಸಿಗೆಯ ರಜೆ ಹತ್ತಿರವಾಗುತ್ತಿದ್ದಂತೆ ನಗರಗಳಲ್ಲಿರುವ ಸಭಾಪಾಲಕರ ಮೇಜಿನ ಮೇಲೆ ಈಗೀಗ ಒಂದು ಬಗೆಯ ಮನವಿಪತ್ರವು ಬಂದು ಕೂರುತ್ತಿದೆ. ಯುವಜನರ ತಂಡವೊಂದು ಪೂರ್ವ ಆಫ್ರಿಕದ ಒಂದು ಅನಾಥಾಲಯದಲ್ಲಿ ಎರಡು ವಾರ ಸೇವೆಮಾಡಲು ಹೊರಡಲಿದೆ. ಸಭೆಯು ಪ್ರಾರ್ಥನೆಯಿಂದಲೂ ಕಾಣಿಕೆಯಿಂದಲೂ ಬೆಂಬಲಿಸಬೇಕು. ಸಭಾಪಾಲಕರು ಶಿಫಾರಸು ಪತ್ರಕ್ಕೆ ಸಹಿಹಾಕಿ ಕೊಡಬೇಕು. ಪತ್ರದ ನೆತ್ತಿಯಲ್ಲಿ ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದ 27ನೆಯ ವಚನವು ಇದ್ದೇ ಇರುತ್ತದೆ. ಅಮೆರಿಕ ಮತ್ತು ಐರೋಪ್ಯ ಸಭೆಗಳಲ್ಲಿ ದಶಕಗಳಿಂದ ಬೇರೂರಿರುವ ಈ ರೂಢಿಯು ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕ್ರೈಸ್ತ ಕುಟುಂಬಗಳ ಮಕ್ಕಳ ಮೂಲಕ ನಮಗೂ ಪರಿಚಯವಾಗಿದೆ. ಹೊರಡುವವರ ಮನಸ್ಸು ಶುದ್ಧವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಪತ್ರಕ್ಕೆ ಸಹಿಹಾಕಬೇಕೇ ಎಂಬುದು ತೆರೆದ ಪ್ರಶ್ನೆಯೇ. ಈ ಲೇಖನವು ಆ ಸಹಿಯನ್ನು ಕುರಿತಾದದ್ದು.

ನಾವು ಇದನ್ನು ದೂರದಲ್ಲಿ ನಿಂತು ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾವೂ ಅಂಥ ಒಂದು ತಂಡದೊಡನೆ ಕೀನ್ಯಾ ದೇಶದ ಒಂದು ಚಿಕ್ಕ ಪಟ್ಟಣಕ್ಕೆ ಹೋಗಿ ಅಲ್ಲಿನ ಅನಾಥಾಲಯದಲ್ಲಿ ಹನ್ನೊಂದು ದಿನ ಇದ್ದೆವು. ಗೋಡೆಗಳಿಗೆ ಬಣ್ಣ ಬಳಿದೆವು, ಹಾಡುಗಳನ್ನು ಕಲಿಸಿದೆವು, ಚಿತ್ರಪಟಗಳನ್ನು ಹಿಡಿದು ಸತ್ಯವೇದದ ಕಥೆಗಳನ್ನು ಹೇಳಿದೆವು. ವ್ಯಾನಿನಿಂದ ಇಳಿದ ಗಳಿಗೆಯಲ್ಲಿಯೇ ಐದಾರು ವರ್ಷದ ಮಕ್ಕಳು ಓಡಿಬಂದು ನಮ್ಮ ಕೈಗಳನ್ನು ಹಿಡಿದುಕೊಂಡವು. ಕೆಲವು ಸೊಂಟವನ್ನೇ ಏರಿ ಕುಳಿತವು. ಎಂಥ ಪ್ರೀತಿ ಎಂದು ನಮ್ಮವರು ಕಣ್ಣೀರು ಒರೆಸಿಕೊಂಡರು. ಎಂಟನೆಯ ದಿನ ಭಾನುವಾರ. ಆರಾಧನೆ ಮುಗಿದು ಊಟವಾದ ಮೇಲೆ ಗೇಟಿನ ಹೊರಗೆ ಒಬ್ಬ ಹೆಂಗಸು ಬಾಳೆಹಣ್ಣಿನ ಚಿಪ್ಪೊಂದನ್ನು ಹಿಡಿದು ನಿಂತಿದ್ದರು. ನಮ್ಮೆಲ್ಲರ ಮುದ್ದಿನವನಾಗಿದ್ದ ಒಂಬತ್ತು ವರ್ಷದ ಹುಡುಗನು ಆಟವನ್ನು ಬಿಟ್ಟು ಆಕೆಯ ಬಳಿಗೆ ಓಡಿದನು. ಆಕೆ ಯಾರೆಂದು ಮೇಲ್ವಿಚಾರಕರನ್ನು ಕೇಳಿದೆವು. ಅವನ ತಾಯಿ ಎಂದರು, ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲವೆಂಬಂತೆ. ತಂದೆ ತೀರಿಹೋಗಿದ್ದಾನೆ, ಈಕೆ ಬಸ್ ನಿಲ್ದಾಣದಲ್ಲಿ ತರಕಾರಿ ಮಾರುತ್ತಾರೆ, ಮೂವರು ಮಕ್ಕಳಲ್ಲಿ ಒಬ್ಬನನ್ನು ಇಲ್ಲಿ ಬಿಟ್ಟಿದ್ದಾರೆ. ಇಲ್ಲಿದ್ದರೆ ಸಮವಸ್ತ್ರ, ಪುಸ್ತಕ, ಶಾಲೆಯ ಶುಲ್ಕ, ಎರಡು ಹೊತ್ತಿನ ಊಟ ಎಲ್ಲವೂ ಸಿಗುತ್ತದೆ. ಮನೆಯಲ್ಲಿ ಇಟ್ಟುಕೊಂಡರೆ ಯಾರು ಕೊಡುತ್ತಾರೆ ಎಂದು ಅವರು ನಮ್ಮನ್ನೇ ಕೇಳಿದರು.

ಊರಿಗೆ ಮರಳಿದ ಮೇಲೆ ಸಭೆಯ ಪತ್ರಿಕೆಯಲ್ಲಿ ಪ್ರವಾಸದ ವರದಿಯೊಂದು ಪ್ರಕಟವಾಯಿತು. ಅದರಲ್ಲಿ ಆ ಹುಡುಗನ ಭಾವಚಿತ್ರವಿತ್ತು. ಅವನಿಗೆ ಈ ಲೋಕದಲ್ಲಿ ತನ್ನವರೆಂಬವರು ಯಾರೂ ಇಲ್ಲ ಎಂಬ ವಾಕ್ಯವೂ ಇತ್ತು. ಆ ವಾಕ್ಯವನ್ನು ಬರೆದವರು ನಾವೇ. ಸುಳ್ಳು ಹೇಳಬೇಕೆಂಬ ಉದ್ದೇಶ ನಮಗಿರಲಿಲ್ಲ. ಅನಾಥಾಲಯವೆಂದ ಮೇಲೆ ಅನಾಥರೇ ಇರಬೇಕೆಂಬ ಗ್ರಹಿಕೆಯು ನಾವು ಕಣ್ಣಾರೆ ಕಂಡದ್ದನ್ನು ಮರೆಸಿಬಿಟ್ಟಿತ್ತು.

ಈ ಗ್ರಹಿಕೆ ನಮ್ಮೊಬ್ಬರದಲ್ಲ, ಮತ್ತು ಆ ತಾಯಿಯ ಕಥೆ ಅಪರೂಪದ್ದೂ ಅಲ್ಲ. ಮಕ್ಕಳ ಹಿತಕ್ಕಾಗಿ ದುಡಿಯುವ ಸೇವ್ ದ ಚಿಲ್ಡ್ರನ್ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದಾದ್ಯಂತ ಇಂಥ ಸಂಸ್ಥೆಗಳಲ್ಲಿರುವ ಐವರು ಮಕ್ಕಳಲ್ಲಿ ಕಡಿಮೆಯೆಂದರೂ ನಾಲ್ವರಿಗೆ ತಂದೆಯೋ ತಾಯಿಯೋ ಅಥವಾ ಇಬ್ಬರೂ ಬದುಕಿರುತ್ತಾರೆ. ಅದೇ ವರ್ಷ ಘಾನಾ ದೇಶದ ಸಮಾಜಕಲ್ಯಾಣ ಇಲಾಖೆಯ ಅಧ್ಯಯನವು ಅಲ್ಲಿನ ಅನಾಥಾಲಯಗಳಲ್ಲಿದ್ದ ಸುಮಾರು 4,500 ಮಕ್ಕಳಲ್ಲಿ ಶೇಕಡಾ 90ರಷ್ಟು ಮಂದಿ ಅನಾಥರಲ್ಲವೆಂದೂ, 148 ಅನಾಥಾಲಯಗಳಲ್ಲಿ 140ಕ್ಕೆ ಪರವಾನಗಿಯೇ ಇಲ್ಲವೆಂದೂ ಕಂಡುಕೊಂಡಿತು. ನಾವು ವೇದಿಕೆಗಳಿಂದ ಉಚ್ಚರಿಸುವ ದೊಡ್ಡ ಸಂಖ್ಯೆಗಳಲ್ಲಿಯೂ ಒಂದು ತೊಡಕಿದೆ. ಯುನಿಸೆಫ್ ಸಂಸ್ಥೆಯು ತಂದೆತಾಯಿಗಳಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ಅನಾಥರ ಲೆಕ್ಕಕ್ಕೆ ಸೇರಿಸುತ್ತದೆ. 2015ರಲ್ಲಿ ಅದು ಹೇಳಿದ ಸುಮಾರು 14 ಕೋಟಿ ಅನಾಥರಲ್ಲಿ ಇಬ್ಬರನ್ನೂ ಕಳೆದುಕೊಂಡವರು ಸುಮಾರು 1 ಕೋಟಿ 51 ಲಕ್ಷ. ಉಳಿದವರಿಗೆಲ್ಲ ಮನೆಯಲ್ಲಿ ಒಬ್ಬರಾದರೂ ಇದ್ದಾರೆ. ಏಡ್ಸ್ ರೋಗವು ಆಫ್ರಿಕದ ದಕ್ಷಿಣ ಮತ್ತು ಪೂರ್ವಭಾಗಗಳನ್ನು ಸೂರೆಗೊಂಡ ಕಾಲದಲ್ಲಿ, ಎಷ್ಟು ಮನೆಗಳಿಗೆ ಹಾನಿಯಾಗಿದೆ ಎಂದು ಅಳೆಯುವುದಕ್ಕೆ ಈ ವಿಶಾಲವಾದ ವ್ಯಾಖ್ಯೆಯು ಬೇಕಾಗಿತ್ತು. ನಾವಾದರೋ ಆ ಸಂಖ್ಯೆಯನ್ನು ಕೇಳಿ ಹಾಸಿಗೆಗಳನ್ನು ಲೆಕ್ಕಹಾಕಿ ಕಟ್ಟಡಗಳನ್ನು ಕಟ್ಟಿಸಿದೆವು.

ಯಾತೋಮ್ ಮತ್ತು ಅವನ ತಾಯಿ

ಸತ್ಯವೇದವು ಅನಾಥರ ವಿಷಯದಲ್ಲಿ ಏನು ಹೇಳುತ್ತದೆ ಎಂದು ಸೆಮಿನರಿಯ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲನು. ಆದರೆ ಅದು ಯಾರನ್ನು ಅನಾಥರೆನ್ನುತ್ತದೆ ಎಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳುವುದು ಕಡಿಮೆ. ಹೀಬ್ರೂ ಭಾಷೆಯ ಪದ ಯಾತೋಮ್. ಅದರ ಮುಖ್ಯಾರ್ಥ ತಂದೆಯಿಲ್ಲದ ಮಗು ಎಂದು. ಇದರ ಸಹೋದರಪದವು ಅರಬ್ಬಿಯಲ್ಲಿ ಯತೀಮ್. ನಮ್ಮೂರುಗಳ ಯತೀಮ್‌ಖಾನಗಳಿಂದ ಕನ್ನಡಿಗರಿಗೂ ಪರಿಚಿತವಾದದ್ದು. ಅರಬ್ಬಿಯಿಂದಲೇ ಅದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಗೆ ಯತೀಮ ಎಂದು ಇಳಿದುಬಂದಿದೆ. ನಾವು ಆ ಅನಾಥಾಲಯದಲ್ಲಿ ದಿನಕ್ಕೆ ಹತ್ತು ಸಾರಿ ಕೇಳಿದ ಪದವೂ ಮೋಶೆಯ ಧರ್ಮಶಾಸ್ತ್ರದ ಪದವೂ ಒಂದೇ ಬೇರಿನವು. ಇದು ನಮಗೆ ಆಗ ಹೊಳೆಯಲಿಲ್ಲ.

ಧರ್ಮಶಾಸ್ತ್ರದಲ್ಲಿ ಯಾತೋಮನು ಒಂಟಿಯಾಗಿ ಬರುವುದು ವಿರಳ. ಬಹಳ ಕಡೆ ಅವನ ಪಕ್ಕದಲ್ಲಿ ವಿಧವೆಯಿದ್ದಾಳೆ. ಇವರನ್ನು ನಾವು ಬಡವರ ಎರಡು ಬೇರೆಬೇರೆ ವರ್ಗಗಳೆಂದು ಬೋಧಿಸುತ್ತ ಬಂದಿದ್ದೇವೆ: ಅನಾಥರಿಗೆ ಒಂದು ಆಶ್ರಮ, ವಿಧವೆಯರಿಗೆ ಇನ್ನೊಂದು. ಆದರೆ ಪುರುಷನೊಬ್ಬನು ಸತ್ತಾಗ ಅವನ ಮನೆಯಲ್ಲಿ ಉಳಿಯುವವರು ಯಾರು? ಹೆಂಡತಿ ವಿಧವೆಯಾಗುತ್ತಾಳೆ, ಮಕ್ಕಳು ಯಾತೋಮರಾಗುತ್ತಾರೆ. ವಿಮೋಚನಕಾಂಡದ 22ನೆಯ ಅಧ್ಯಾಯದ ಎಚ್ಚರಿಕೆಯು ಈ ನಂಟನ್ನು ನೇರವಾಗಿಯೇ ಹೇಳುತ್ತದೆ. ದಿಕ್ಕಿಲ್ಲದವರನ್ನು ಬಾಧಿಸುವವನು ಸತ್ತುಹೋದರೆ ಅವನ ಹೆಂಡತಿಗೂ ಮಕ್ಕಳಿಗೂ ಅದೇ ಗತಿ. ಪ್ರಲಾಪಗಳ ಐದನೆಯ ಅಧ್ಯಾಯದಲ್ಲಿಯೂ ಅನಾಥರಾದವರು ತಮ್ಮ ತಾಯಂದಿರು ವಿಧವೆಯರಂತಾದರೆಂದು ದುಃಖಿಸುತ್ತಾರೆ. ಆದುದರಿಂದ ಅನಾಥ ಮತ್ತು ವಿಧವೆ ಎಂಬುದು ಅನೇಕ ಕಡೆ ಎರಡು ವರ್ಗಗಳ ಹೆಸರಾಗಿರುವುದಕ್ಕಿಂತ ಒಂದೇ ಮುರುಕಲು ಮನೆಯ ಹೆಸರಾಗಿದೆ. ಬಾಳೆಹಣ್ಣು ಹಿಡಿದು ಗೇಟಿನ ಹೊರಗೆ ನಿಂತಿದ್ದವರೂ ಗೇಟಿನ ಒಳಗೆ ಆಡುತ್ತಿದ್ದವನೂ ಆ ಒಂದೇ ಮನೆಯವರು. ನಡುವಿನ ಗೇಟು ಮಾತ್ರ ನಮ್ಮಂಥವರ ಕಾಣಿಕೆಯಿಂದ ಎದ್ದದ್ದು.

ಧರ್ಮಶಾಸ್ತ್ರವು ಆ ಮನೆಗೆ ಒದಗಿಸಿದ ಪರಿಹಾರಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಹೊಲದಲ್ಲಿ ಮರೆತುಬಿಟ್ಟ ಸಿವುಡು, ಎಣ್ಣೆಮರಗಳಲ್ಲಿ ಉಳಿದ ಕಾಯಿ, ದ್ರಾಕ್ಷೇತೋಟದ ಹಕ್ಕಲು (ಧರ್ಮೋಪದೇಶಕಾಂಡ 24:19–21), ಮೂರು ವರ್ಷಕ್ಕೊಮ್ಮೆ ಊರಿನಲ್ಲಿಯೇ ಕೂಡಿಡಬೇಕಾದ ದಶಮಭಾಗ (14:28–29): ಇವೆಲ್ಲವೂ ಮನೆಗೆ ಒಯ್ಯಬಹುದಾದವು. ಮಗುವನ್ನು ತಾಯಿಯಿಂದ ಬೇರ್ಪಡಿಸಿ ತಂದರೆ ಮಾತ್ರ ಕೊಡುತ್ತೇವೆ ಎಂಬ ಷರತ್ತು ಅಲ್ಲಿ ಎಲ್ಲಿಯೂ ಇಲ್ಲ. ಎರಡನೆಯ ಅರಸುಗಳ ನಾಲ್ಕನೆಯ ಅಧ್ಯಾಯದ ವಿಧವೆಯ ಪ್ರಸಂಗವನ್ನು ನೋಡೋಣ. ಸಾಲಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರನ್ನಾಗಿ ಒಯ್ಯಲು ಬಂದಿದ್ದಾನೆ. ಎಲೀಷನು ಆ ಮಕ್ಕಳನ್ನು ಪ್ರವಾದಿಮಂಡಳಿಯ ಆಶ್ರಯಕ್ಕೆ ಕರೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದನು. ಇದ್ದದ್ದು ಸ್ವಲ್ಪ ಎಣ್ಣೆ. ಅಕ್ಕಪಕ್ಕದವರಿಂದ ಪಾತ್ರೆಗಳನ್ನು ಎರವಲು ತಂದು, ಬಾಗಿಲು ಮುಚ್ಚಿಕೊಂಡು, ಮಕ್ಕಳು ಪಾತ್ರೆಗಳನ್ನು ಒಡ್ಡುತ್ತಿರಲು ತಾಯಿಯೇ ಎಣ್ಣೆಯನ್ನು ಹೊಯ್ದಳು. ಸಾಲ ತೀರಿತು, ಮಿಕ್ಕದ್ದರಿಂದ ಜೀವನ ಸಾಗಿತು, ಮಕ್ಕಳು ಮನೆಯಲ್ಲಿಯೇ ಉಳಿದರು. ಅದ್ಭುತವು ನಡೆದ ಗಳಿಗೆಯಲ್ಲಿ ಪ್ರವಾದಿಯು ಆ ಮನೆಯೊಳಗೆ ಇರಲೂ ಇಲ್ಲ ಎಂಬುದನ್ನು ಬೋಧಕರು ಗಮನಿಸಬೇಕು. ಅದರ ಭಾವಚಿತ್ರ ತೆಗೆದುಕೊಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಹೊಸ ಒಡಂಬಡಿಕೆಗೆ ಬಂದರೆ, ತಂಡಗಳು ತಮ್ಮ ಪತ್ರದ ನೆತ್ತಿಯಲ್ಲಿ ಬರೆದುಕೊಳ್ಳುವ ಆ ವಚನದ ಕ್ರಿಯಾಪದವೇ ನಮ್ಮ ಪ್ರಶ್ನೆಯ ತಿರುಳು. ಗ್ರೀಕಿನಲ್ಲಿ ಅದು ಎಪಿಸ್ಕೆಪ್ಟೊಮೈ. ಹಳೆಯ ಇಂಗ್ಲಿಷ್ ಅನುವಾದದಲ್ಲಿ ಇದು ಭೇಟಿಕೊಡು ಎಂಬರ್ಥದ ಪದವಾಯಿತು. ಇಂಗ್ಲಿಷಿನಲ್ಲಿ ಆ ಪದದ ಅರ್ಥವು ಕಾಲಕ್ರಮದಲ್ಲಿ ತೆಳುವಾಗಿ, ಅನಾಥರನ್ನು ನೋಡಿಕೊಂಡು ಬರುವುದೇ ಶುದ್ಧಭಕ್ತಿ ಎಂಬಂತೆ ಕೇಳಿಸತೊಡಗಿತು. ನಮ್ಮ ಕನ್ನಡ ಸತ್ಯವೇದದ ಹಿರಿಯ ಅನುವಾದಕರು ಪರಾಮರಿಸು ಎಂದು ಬರೆದು ನಮಗೆ ಉಪಕಾರ ಮಾಡಿದ್ದಾರೆ; ವಿಚಾರಿಸಿಕೊಳ್ಳುವ, ಹೊಣೆಹೊರುವ ಅರ್ಥವು ಆ ಪದದಲ್ಲಿ ಇನ್ನೂ ಉಳಿದಿದೆ. ಇದೇ ಗ್ರೀಕ್ ಬೇರಿನಿಂದ ಎಪಿಸ್ಕೊಪೊಸ್, ಅಂದರೆ ಸಭಾಧ್ಯಕ್ಷ, ಎಂಬ ಪದ ಹುಟ್ಟಿದೆ. ಎರಡು ವಾರ ಇದ್ದು ಹೋಗುವವನನ್ನು ಯಾವ ಸಭೆಯೂ ಬಿಷಪನೆಂದು ಕರೆಯುವುದಿಲ್ಲ. ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ ದೇವರು ತನ್ನ ಜನರನ್ನು ನೆನಸಿ ಅವರಿಗೆ ಆಹಾರ ಕೊಟ್ಟನೆಂದು ನೊವೊಮಿಯು ಕೇಳಿದಾಗಲೂ (ರೂತಳು 1:6) ಇದೇ ಕ್ರಿಯಾಪದ ಬರುತ್ತದೆ. ಆ ಆಹಾರದ ಸುದ್ದಿಯಿಂದಲೇ ವಿಧವೆಯೊಬ್ಬಳು ತನ್ನ ಊರಿಗೆ ಹಿಂದಿರುಗುವಂತಾಯಿತು.

ಲೂಕನು ಏಳನೆಯ ಅಧ್ಯಾಯದಲ್ಲಿ ಹೇಳುವ ನಾಯಿನೆಂಬ ಊರಿನ ಸಂಗತಿಯಲ್ಲಿ ಈ ಪದವು ತನ್ನ ಪೂರ್ಣಾರ್ಥವನ್ನು ಪಡೆಯುತ್ತದೆ. ಸತ್ತವನು ವಿಧವೆಯೊಬ್ಬಳ ಒಬ್ಬನೇ ಮಗ. ಯೇಸು ಅವನನ್ನು ಎಬ್ಬಿಸಿದನು. ಎದ್ದು ಕೂತು ಮಾತಾಡಲಾರಂಭಿಸಿದ ಆ ಯೌವನಸ್ಥನನ್ನು ಕರ್ತನು ತನ್ನ ಹಿಂದೆ ಬರುವಂತೆ ಕರೆಯಲಿಲ್ಲ, ತಾಯಿಗೆ ಕೊಟ್ಟನು. ಜೀವ ಬಂದದ್ದನ್ನು ಹೇಳಿ ಸುಮ್ಮನಾಗದೆ ಲೂಕನು ಇದನ್ನೂ ಬಿಡದೆ ಬರೆದಿದ್ದಾನೆ. ಇದನ್ನು ಕಂಡ ಜನರು, ದೇವರು ತನ್ನ ಪ್ರಜೆಯನ್ನು ಪರಾಮರಿಸಿದನೆಂದು ಕೊಂಡಾಡಿದರು. ಅಲ್ಲಿಯೂ ಅದೇ ಕ್ರಿಯಾಪದ. ಯಾಕೋಬನ ಪತ್ರಿಕೆಯ ವಚನವನ್ನು ನಾಯಿನಿನ ಬಾಗಿಲಲ್ಲಿ ನಿಂತು ಓದಿದರೆ, ಮಗುವನ್ನು ತಾಯಿಯ ಕೈಗೆ ಕೊಡುವುದೇ ಪರಾಮರಿಕೆಯೆಂದು ತಿಳಿಯುತ್ತದೆ.

ಪ್ರೀತಿಯು ಮಾಡುವ ಹಾನಿ

ಹೋಗಲಿ, ತಾಯಿಯಿದ್ದರೂ ಬಡತನವಿದೆಯಲ್ಲ. ಮಗುವು ಅನಾಥಾಲಯದಲ್ಲಿ ಹೊಟ್ಟೆತುಂಬ ಉಂಡು ಶಾಲೆಗೆ ಹೋಗುತ್ತಿದೆಯಲ್ಲ. ಎರಡು ವಾರ ನಾಲ್ವರು ಬಂದು ಆಡಿಸಿದರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರವನ್ನು ಮಕ್ಕಳ ಮನಸ್ಸನ್ನು ಬಲ್ಲವರಿಂದ ಕೇಳಬೇಕು. ಜಾನ್ ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿಯೇ, ಒಬ್ಬ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರ ನಿರಂತರವಾದ ಆರೈಕೆಯಿಲ್ಲದೆ ಸಂಸ್ಥೆಗಳಲ್ಲಿ ಬೆಳೆಯುವ ಮಕ್ಕಳಿಗೆ ಆಗುವ ನಷ್ಟವನ್ನು ತೋರಿಸಿದ್ದರು. ದಕ್ಷಿಣ ಆಫ್ರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ರಿಕ್ಟರ್ ಅವರು ಏಮಿ ನಾರ್ಮನ್ ಅವರೊಡನೆ 2010ರಲ್ಲಿ ಬರೆದ ಲೇಖನವು ಈ ತಿಳಿವಳಿಕೆಯನ್ನು ನೇರವಾಗಿ ಆಫ್ರಿಕಕ್ಕೆ ಬರುವ ಸ್ವಯಂಸೇವಕರಿಗೆ ಅನ್ವಯಿಸಿತು. ಅಪರಿಚಿತರನ್ನು ಕಂಡೊಡನೆ ಓಡಿಬಂದು ತಬ್ಬಿಕೊಳ್ಳುವ ಮಗುವು ಪ್ರೀತಿಯಿಂದ ತುಂಬಿರುವುದರಿಂದ ಹಾಗೆ ಮಾಡುವುದಿಲ್ಲ; ಯಾರನ್ನು ತನ್ನವರೆಂದು ಹಿಡಿದುಕೊಳ್ಳಬೇಕೆಂಬುದು ಅದಕ್ಕೆ ತಿಳಿಯದಂತಾಗಿದೆ. ಬಂದವರು ಎತ್ತಿಕೊಳ್ಳುತ್ತಾರೆ, ಮುದ್ದಾಡುತ್ತಾರೆ, ಹದಿನಾಲ್ಕನೆಯ ದಿನ ಅಳುತ್ತ ವ್ಯಾನು ಹತ್ತುತ್ತಾರೆ. ಮುಂದಿನ ತಿಂಗಳು ಬೇರೆಯವರು. ತಂದೆಯ ಸಾವು ಒಂದು ಸಾರಿ ಕಲಿಸಿದ ಪಾಠವನ್ನು ನಾವು ವರ್ಷಕ್ಕೆ ಹತ್ತಾರು ಸಾರಿ ಕಲಿಸುತ್ತೇವೆ. ನಮ್ಮ ಕೈಹಿಡಿದ ಆ ಮಕ್ಕಳನ್ನು ಕಂಡು ನಾವು ಆನಂದಬಾಷ್ಪ ಸುರಿಸಿದ್ದು ಒಂದು ಗಾಯವನ್ನು ಕಂಡು ಎಂದು ತಿಳಿದಾಗ ನಮಗಾದ ನಾಚಿಕೆಯನ್ನು ಇಲ್ಲಿ ವಿವರಿಸುವುದಿಲ್ಲ.

ಇನ್ನೊಂದು ಹಾನಿ ಹಣದ ಮೂಲಕ ಆಗುವಂಥದು. ಮಕ್ಕಳ ತಲೆಯೆಣಿಕೆಯ ಮೇಲೆ ದಾನ ಬರುವುದಾದರೆ, ದಾನಿಗಳು ಬಂದು ನೋಡುವುದಕ್ಕೆ ಮಕ್ಕಳು ಇರಲೇಬೇಕಾಗುತ್ತದೆ. ಹಳ್ಳಿಗಳಿಗೆ ಹೋಗಿ, ಓದಿಸುತ್ತೇವೆಂದು ನಂಬಿಸಿ, ಮಕ್ಕಳನ್ನು ಕರೆತರುವವರು ಹುಟ್ಟಿಕೊಳ್ಳುತ್ತಾರೆ. ಆಸ್ಟ್ರೇಲಿಯದ ಸಂಸದೀಯ ಸಮಿತಿಯು ಆಧುನಿಕ ಗುಲಾಮಗಿರಿಯನ್ನು ಕುರಿತ ತನ್ನ 2017ರ ವರದಿಯಲ್ಲಿ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಾಟವನ್ನು ಪ್ರತ್ಯೇಕವಾಗಿ ಚರ್ಚಿಸಿತು. ವಿಶ್ವಸಂಸ್ಥೆಯ ಮಹಾಸಭೆಯು 2019ರ ಡಿಸೆಂಬರಿನಲ್ಲಿ ಮಕ್ಕಳ ಹಕ್ಕುಗಳ ಗೊತ್ತುವಳಿಯಲ್ಲಿ ಅನಾಥಾಲಯಗಳ ಸ್ವಯಂಸೇವೆ ಮತ್ತು ಪ್ರವಾಸದಿಂದಾಗುವ ಕೇಡಿನ ಬಗ್ಗೆ ಎಚ್ಚರಿಸಿತು. ಎಲ್ಲ ಅನಾಥಾಲಯಗಳೂ ಇಂಥವೆಂದು ನಾವು ಹೇಳುತ್ತಿಲ್ಲ. ನಾವು ಕಂಡ ಅನಾಥಾಲಯದ ಮೇಲ್ವಿಚಾರಕರು ಪ್ರಾಮಾಣಿಕರು. ತಮ್ಮ ಊಟದ ತಟ್ಟೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟದ್ದನ್ನು ನೋಡಿದ್ದೇವೆ. ಆದರೆ ಅವರೂ ಆ ತಾಯಿಗೆ ಮನೆಯಲ್ಲಿಯೇ ನೆರವು ಕೊಡಲಾರದವರಾಗಿದ್ದರು, ಏಕೆಂದರೆ ನಮ್ಮ ಕಾಣಿಕೆಯು ಕಟ್ಟಡದೊಳಗಿನ ಮಕ್ಕಳಿಗೆಂದು ಗುರುತುಹಾಕಲ್ಪಟ್ಟಿತ್ತು. ತಾಂಜಾನಿಯದ ಕಗೇರಾ ಪ್ರಾಂತದಲ್ಲಿ ವಿಶ್ವಬ್ಯಾಂಕು 1990ರ ದಶಕದಲ್ಲಿ ಹಾಕಿದ ಲೆಕ್ಕದಂತೆ, ಒಂದು ಮಗುವನ್ನು ಸಂಸ್ಥೆಯಲ್ಲಿ ಇಟ್ಟು ಸಾಕುವ ವೆಚ್ಚವು ಅದನ್ನು ಒಂದು ಮನೆಯಲ್ಲಿ ಬೆಳೆಸುವುದಕ್ಕೆ ನೆರವಾಗುವ ವೆಚ್ಚದ ಸುಮಾರು ಆರು ಪಟ್ಟು. ಇದಕ್ಕೆ ಹನ್ನೆರಡು ಮಂದಿಯ ವಿಮಾನದ ಟಿಕೆಟ್ಟುಗಳನ್ನೂ ಸೇರಿಸಿಕೊಳ್ಳಬೇಕು.

ಆಫ್ರಿಕದ ಮನೆಗಳಲ್ಲಿ ಸಾಕುವವರಿಲ್ಲ ಎಂಬ ಊಹೆಯೂ ನಮ್ಮ ಅಜ್ಞಾನದ್ದೇ. ಸ್ವಾಹಿಲಿಯಲ್ಲಿ ತಂದೆಯ ಅಣ್ಣನನ್ನು ಬಾಬಾ ಮ್‌ಕುಬ್ವಾ, ತಮ್ಮನನ್ನು ಬಾಬಾ ಮ್‌ಡೋಗೊ ಎನ್ನುತ್ತಾರೆ. ಅಂದರೆ ದೊಡ್ಡಪ್ಪ, ಚಿಕ್ಕಪ್ಪ. ತಾಯಿಯ ಅಕ್ಕ ಮಾಮಾ ಮ್‌ಕುಬ್ವಾ, ತಂಗಿ ಮಾಮಾ ಮ್‌ಡೋಗೊ, ದೊಡ್ಡಮ್ಮ, ಚಿಕ್ಕಮ್ಮ. ಪಶ್ಚಿಮದ ಸ್ವಯಂಸೇವಕನಿಗೆ ಇದು ವಿಚಿತ್ರವೆನಿಸಬಹುದು. ಕನ್ನಡಿಗನಿಗೆ ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ. ಅಪ್ಪ ಸತ್ತ ಮೇಲೆ ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು ನಮ್ಮಲ್ಲಿ ಎಷ್ಟಿಲ್ಲ? ಎಸ್ತೇರಳನ್ನು ಸಾಕಿದ ಮೊರ್ದೆಕೈಯೂ ಅವಳ ದೊಡ್ಡಪ್ಪ ಚಿಕ್ಕಪ್ಪಂದಿರ ಪೈಕಿಯ ಸಂಬಂಧಿಕನೇ. ಏಡ್ಸ್‌ನ ಕಾಲದಲ್ಲಿ ಆಫ್ರಿಕದ ಮಕ್ಕಳನ್ನು ಹೆಚ್ಚಾಗಿ ಹೊತ್ತವರು ಅಜ್ಜಿಯರು. ಅವರಿಗೆ ಬೇಕಾಗಿದ್ದದ್ದು ಅಕ್ಕಿ, ಜೋಳ, ಶಾಲೆಯ ಶುಲ್ಕ, ಸೋರದ ಸೂರು. ಫರೋಹನ ಮಗಳು ಮಗುವನ್ನು ಅದರ ಹೆತ್ತತಾಯಿಗೇ ಒಪ್ಪಿಸಿ, ಸಾಕುವುದಕ್ಕೆ ಸಂಬಳವನ್ನೂ ಕೊಟ್ಟಳೆಂಬುದನ್ನು ನಾವು ದೇವರ ಹಾಸ್ಯವೆಂದು ಪ್ರಸಂಗಿಸುತ್ತೇವೆ. ಅದು ಒಂದು ಒಳ್ಳೆಯ ನೀತಿಯೂ ಆಗಿತ್ತು.

ಸಭೆಯ ಹಳೆಯ ದಾರಿ, ಆಫ್ರಿಕದ ಹೊಸ ದಾರಿ

ಅನಾಥರ ಪರಾಮರಿಕೆಯು ಸಭೆಯ ಚರಿತ್ರೆಯಲ್ಲಿ ಕಟ್ಟಡದಿಂದ ಆರಂಭವಾಗಲಿಲ್ಲ. ಎರಡನೆಯ ಶತಮಾನದ ರೋಮಿನಲ್ಲಿ ಭಾನುವಾರದ ಕಾಣಿಕೆಯಿಂದ ಅನಾಥರಿಗೂ ವಿಧವೆಯರಿಗೂ ನೆರವಾಗುತ್ತಿದ್ದರೆಂದು ಹುತಾತ್ಮ ಜಸ್ಟಿನನು ಬರೆದಿದ್ದಾನೆ. ಮೂರನೆಯ ಶತಮಾನದಲ್ಲಿ ಸಿರಿಯದ ಕಡೆ ಹುಟ್ಟಿದ ಡಿಡಸ್ಕಾಲಿಯವು, ಕ್ರೈಸ್ತಮಗುವೊಂದು ಅನಾಥವಾದರೆ ಮಕ್ಕಳಿಲ್ಲದ ವಿಶ್ವಾಸಿಯು ಅದನ್ನು ತನ್ನ ಮಗುವಾಗಿ ತೆಗೆದುಕೊಳ್ಳುವುದು ಒಳ್ಳೆಯದೆಂದು ಬೋಧಿಸುತ್ತದೆ. ಕಾನ್‌ಸ್ಟಾಂಟಿನೋಪಲಿನ ಪ್ರಸಿದ್ಧ ಅನಾಥಾಲಯವು, ಸಂತ ಜೋಟಿಕನ ಹೆಸರಿನೊಡನೆ ಸಂಪ್ರದಾಯವು ಅದನ್ನು ಜೋಡಿಸುವಂತೆ, ನಾಲ್ಕನೆಯ ಶತಮಾನದ್ದು. ಅಂದರೆ ಮನೆಯೇ ಮೊದಲು, ಸಂಸ್ಥೆಯು ಆನಂತರ.

ಮಿಷನ್ ಕಾಲದಲ್ಲಿ ಕಟ್ಟಡಗಳು ಹೆಚ್ಚಿದವು. 1828ರಲ್ಲಿ ಇಂದಿನ ಘಾನಾದ ಕರಾವಳಿಗೂ 1834ರಲ್ಲಿ ನಮ್ಮ ಮಂಗಳೂರಿಗೂ ಬಂದದ್ದು ಒಂದೇ ಬಾಸೆಲ್ ಮಿಷನ್. ಆದುದರಿಂದ ಈ ಚರಿತ್ರೆಯಲ್ಲಿ ನಾವೂ ಆಫ್ರಿಕದ ಸಭೆಗಳೂ ದಾಯಾದಿಗಳು. 1876–78ರ ಮಹಾಕ್ಷಾಮದಲ್ಲಿ ದಕ್ಷಿಣ ಭಾರತದ ಮಿಷನರಿಗಳು ದಾರಿಬದಿಯಿಂದ ಮಕ್ಕಳನ್ನು ಎತ್ತಿಕೊಂಡು ಬಂದು ಉಳಿಸಿದರು. ಆಗ ಬೇರೆ ದಾರಿಯಿರಲಿಲ್ಲ. ಇದನ್ನು ಓದುತ್ತಿರುವ ಸಭಾಪಾಲಕರಲ್ಲಿ ಅನೇಕರು ಬೋರ್ಡಿಂಗ್ ಹೋಮಿನ ಮಕ್ಕಳೇ. ಅಲ್ಲಿ ಸಿಕ್ಕಿದ ಅನ್ನಕ್ಕೂ ಅಕ್ಷರಕ್ಕೂ ನಾವು ಋಣಿಗಳು. ಆದರೆ ದಸರೆಗೂ ಕ್ರಿಸ್‌ಮಸ್ಸಿಗೂ ತಗಡಿನ ಪೆಟ್ಟಿಗೆ ಹೊತ್ತು ಊರಿಗೆ ಹೋಗುತ್ತಿದ್ದೆವಲ್ಲವೇ? ನಮ್ಮನ್ನು ಯಾರೂ ಅನಾಥರೆಂದು ಕರೆದಿರಲಿಲ್ಲ. ಹಾಗೆ ಕರೆದು, ಭಾವಚಿತ್ರ ತೆಗೆದು, ಹೊರದೇಶದ ಪತ್ರಿಕೆಯಲ್ಲಿ ಹಾಕಿದ್ದರೆ ನಮ್ಮ ತಾಯಂದಿರು ಏನೆನ್ನುತ್ತಿದ್ದರು?

ಆಫ್ರಿಕದವರೇ ಈಗ ಬೇರೆ ದಾರಿಯನ್ನು ತುಳಿದಿದ್ದಾರೆ. ರುವಾಂಡದಲ್ಲಿ 1994ರ ನರಮೇಧದ ತರುವಾಯ ಸಂಸ್ಥೆಗಳು ಹೆಚ್ಚಿದ್ದವು. ಆನಂತರ ನಡೆದ ರಾಷ್ಟ್ರೀಯ ಸಮೀಕ್ಷೆಯು 33 ಸಂಸ್ಥೆಗಳಲ್ಲಿ 3,323 ಮಕ್ಕಳನ್ನು ಎಣಿಸಿತು. 2012ರಲ್ಲಿ ಸರಕಾರವು ಈ ಮಕ್ಕಳನ್ನು ಕುಟುಂಬಗಳಿಗೆ ಸೇರಿಸುವ ನೀತಿಯನ್ನು ಕೈಗೊಂಡಿತು. ಮಕ್ಕಳನ್ನು ಕುಟುಂಬದಲ್ಲಿ ಬೆಳೆಸೋಣ ಎಂಬರ್ಥದ ಕಿನ್ಯರುವಾಂಡ ಮಾತೇ ಆ ಕಾರ್ಯಕ್ರಮದ ಹೆಸರು. ಸಂಬಂಧಿಕರು ಸಿಗದ ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಳ್ಳುವ ಸಾಕುತಂದೆತಾಯಿಗಳನ್ನು ಅಲ್ಲಿ ಮಲಾಯಿಕಾ ಮುರಿಂಜಿ, ಅಂದರೆ ಕಾವಲುದೂತರು, ಎನ್ನುತ್ತಾರೆ. ಕೀನ್ಯಾ ದೇಶವು 2017ರಲ್ಲಿ ಹೊಸ ಅನಾಥಾಲಯಗಳ ನೋಂದಣಿಯನ್ನು ನಿಲ್ಲಿಸಿತು. 2022ರಲ್ಲಿ ಹತ್ತು ವರ್ಷಗಳ ಯೋಜನೆಯೊಂದನ್ನು ಪ್ರಕಟಿಸಿ, ಇರುವವುಗಳಿಂದ ಮಕ್ಕಳನ್ನು ಮನೆಗಳಿಗೆ ಸೇರಿಸುವ ಕೆಲಸವನ್ನು ಕೈಗೆತ್ತಿಕೊಂಡಿದೆ. ನಮಗೆ ಹೆಚ್ಚು ಹತ್ತಿರದ ನಿದರ್ಶನ ಉಗಾಂಡದ್ದು. ಅಲ್ಲಿನ ಧಾರ್ಮಿಕ ಸಭೆಗಳ ಒಕ್ಕೂಟದ ಕಥೋಲಿಕ ಕನ್ಯಾಸ್ತ್ರೀಯರು 2016ರಿಂದ, ತಾವೇ ನಡೆಸುತ್ತಿದ್ದ ಅನಾಥಾಲಯಗಳನ್ನು ಬದಲಾಯಿಸಿ, ಸಮಾಜಕಾರ್ಯದಲ್ಲಿ ತರಬೇತಿ ಪಡೆದು, ಮಕ್ಕಳ ಊರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಆಯುಷ್ಯವನ್ನೆಲ್ಲ ಒಂದು ಮನೆಗೆ ತೆತ್ತ ಸಹೋದರಿಯರಿಗೆ ಆ ಮನೆಯನ್ನು ಬರಿದುಮಾಡುವುದು ಸುಲಭವಲ್ಲ. ಮಕ್ಕಳ ಮೇಲಿನ ಪ್ರೀತಿಗಾಗಿ ಕಟ್ಟಿದ್ದನ್ನು ಅದೇ ಪ್ರೀತಿಗಾಗಿ ಬಿಟ್ಟುಕೊಡುವ ಈ ತ್ಯಾಗವನ್ನು ಕುರಿತು ನಮ್ಮ ದೈವಶಾಸ್ತ್ರವು ಇನ್ನೂ ಹೆಚ್ಚು ಬರೆಯಬೇಕಾಗಿದೆ.

ಯಾರೂ ಸಿಗದ ಮಕ್ಕಳಿದ್ದಾರೆ. ಮನೆಗೆ ಹೋದರೆ ಹೊಡೆತವೇ ಗತಿಯಾದವರಿದ್ದಾರೆ. ಅಂಗವೈಕಲ್ಯದ ಕಾರಣ ಕೈಬಿಡಲ್ಪಟ್ಟವರಿದ್ದಾರೆ. ಅಂಥವರಿಗೆ ತಕ್ಕ ಮನೆಯೊಂದು ಸಿಗುವ ತನಕ ಒಂದು ಆಶ್ರಯ ಬೇಕು. 2009ರ ವಿಶ್ವಸಂಸ್ಥೆಯ ಮಾರ್ಗಸೂಚಿಯೂ ಇದನ್ನು ಒಪ್ಪುತ್ತದೆ. ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಬೇರ್ಪಡಿಸಬಾರದೆಂದೂ ಅದು ಹೇಳುತ್ತದೆ.

ಹಾಗಾದರೆ ಮೇಜಿನ ಮೇಲಿನ ಪತ್ರ? ಸಭಾಪಾಲಕನು ಸಹಿಹಾಕುವ ಮುನ್ನ ತಂಡವನ್ನು ಕರೆಸಿ ಕೂರಿಸಿಕೊಂಡು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಆ ಸಂಸ್ಥೆಗೆ ಆ ದೇಶದ ಸರಕಾರದ ಪರವಾನಗಿ ಇದೆಯೇ? ಮಕ್ಕಳಲ್ಲಿ ಎಷ್ಟು ಮಂದಿಗೆ ತಾಯಿಯಿದ್ದಾಳೆ, ಅಜ್ಜಿಯಿದ್ದಾಳೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಹಿಂದಿರುಗಿದರು? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಸಂಸ್ಥೆಯು ಮಕ್ಕಳನ್ನು ಕೂಡಿಸಿಕೊಳ್ಳುತ್ತಿದೆಯೇ ಹೊರತು ಪರಾಮರಿಸುತ್ತಿಲ್ಲವೆಂದು ನಮ್ಮ ಅಭಿಪ್ರಾಯ. ತಂಡದಲ್ಲಿ ದಾದಿಯೋ ಲೆಕ್ಕಪತ್ರ ಬಲ್ಲವರೋ ವಿಶೇಷ ಶಿಕ್ಷಕರೋ ಇದ್ದರೆ, ಅಲ್ಲಿನ ಸಭೆಯು ಕರೆದರೆ, ಅವರು ಹೋಗಿ ಅಲ್ಲಿಯ ಕೆಲಸಗಾರರಿಗೆ ಕಲಿಸಿ ಬರಬಹುದು. ಮಕ್ಕಳ ಕೋಣೆಗೆ ಹೋಗಬೇಕಾಗಿಲ್ಲ. ಮಕ್ಕಳ ಮುಖವಿರುವ ಭಾವಚಿತ್ರವಂತೂ ಬೇಡ. ಈಗಾಗಲೇ ಒಂದು ಸಂಸ್ಥೆಗೆ ನೆರವಾಗುತ್ತಿರುವ ಸಭೆಯು ಥಟ್ಟನೆ ಹಣ ನಿಲ್ಲಿಸಿದರೆ ಮಕ್ಕಳು ಬೀದಿಗೆ ಬೀಳುತ್ತಾರೆ. ಹಣವನ್ನು ಮುಂದುವರಿಸಿ, ಅದು ಮೆಲ್ಲಮೆಲ್ಲನೆ ಮನೆಗಳಿಗೆ ತಲುಪುವಂತೆ ಅಲ್ಲಿನವರೊಡನೆ ಮಾತಾಡಬೇಕು. ಇದಕ್ಕೆ ವರ್ಷಗಳು ಬೇಕು, ಮತ್ತು ಇದರಲ್ಲಿ ಪರದೆಯ ಮೇಲೆ ತೋರಿಸಬಹುದಾದದ್ದು ಬಹಳ ಕಡಿಮೆ.

ಕಳೆದ ವರ್ಷ ನಮ್ಮ ಮುಂದೆ ಬಂದ ಪತ್ರಕ್ಕೆ ನಾವು ಸಹಿಹಾಕಲಿಲ್ಲ. ತಂಡದ ನಾಯಕನಾದ ಯುವಕನಿಗೆ ಬೇಸರವಾಯಿತು. ಸಂಜೆ ಮನೆಗೆ ಬಂದು, ಅಯ್ಯನವರೇ, ನಾವೂ ಹೋಗದಿದ್ದರೆ ಆ ಮಕ್ಕಳಿಗೆ ಯಾರಿದ್ದಾರೆ ಎಂದು ಕೇಳಿದನು. ನಾವು ಅವನಿಗೆ ಆ ಭಾನುವಾರದ ಮಧ್ಯಾಹ್ನವನ್ನೂ ಗೇಟನ್ನೂ ಬಾಳೆಹಣ್ಣಿನ ಚಿಪ್ಪನ್ನೂ ನಮ್ಮ ವರದಿಯ ಆ ವಾಕ್ಯವನ್ನೂ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಆ ತಾಯಿಯ ಹೆಸರೇನು ಅಯ್ಯನವರೇ ಎಂದನು. ಹುಡುಗನ ಹೆಸರು ನಮಗೆ ಚೆನ್ನಾಗಿ ನೆನಪಿತ್ತು. ತಾಯಿಯ ಹೆಸರನ್ನು ನಾವು ಕೇಳಿರಲಿಲ್ಲ.